ಅಡಿಕೆ ಪಟ್ಟಿಯ ರಿಪೋರ್ಟಿನಲ್ಲಿ ಕಾಲಂಗಳು ಒಂದಕ್ಕೊಂದು ತಾಗುತ್ತಿವೆ, ಒತ್ತಕ್ಷರ ಕತ್ತರಿಸಿ ಹೋಗುತ್ತಿದೆ. ಹೇಗೆ ಸರಿ ಮಾಡೋದು?

ಮಂಡಿ_ಲೆಕ್ಕ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರೈತರಿಗೆ ಕೊಡುವ ಪಟ್ಟಿ (ಮಾಲಿನ ತೂಕ, ದರ, ಮೊತ್ತದ ಲೆಕ್ಕ), ತೂಕದ ಚೀಟಿ ಎರಡನ್ನೂ ಆಕ್ಸೆಸ್‌ನಲ್ಲಿ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ನಾನೇ ಮಾಡಿಕೊಂಡಿದ್ದೇನೆ. ಅದರಲ್ಲಿ ಅಚ್ಚಿಗೆ ಸಿದ್ಧ ಮಾಡುವ ಪುಟಕ್ಕೆ ರಿಪೋರ್ಟ್ ಅಂತಾರೆ. ಕಲಿತದ್ದೆಲ್ಲ ಕೆಲಸ ಮಾಡುತ್ತಾ ಕಲಿತದ್ದು.

ಈ ಮಳೆಗಾಲದಲ್ಲಿ ಸಿಡಿಲು ಬಡಿದು ಹಳೆಯ ಕಂಪ್ಯೂಟರ್ ಹೋಯಿತು. ಫೈಲಿನ ಒಂದು ನಕಲು ಪೆನ್ ಡ್ರೈವ್‌ನಲ್ಲಿ ಇತ್ತು, ಪುಣ್ಯಕ್ಕೆ. ಹೊಸ ಕಂಪ್ಯೂಟರ್‌ಗೆ ಹಾಕಿಕೊಂಡೆ. ಡೇಟಾ ಎಲ್ಲ ಸರಿ ಇದೆ, ಆದರೆ ರಿಪೋರ್ಟಿನ ರೂಪವೇ ಕೆಟ್ಟಿದೆ. 'ಲಕ್ಷ್ಮೀ', 'ಕೃಷ್ಣ' ಅಂತ ಹೆಸರು ಬಂದರೆ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸುತ್ತದೆ. ಎರಡು ಪುಟಗಳ ನಡುವೆ ಒಂದು ಖಾಲಿ ಪುಟ ಬರುತ್ತದೆ. ಕಾಲಂಗಳನ್ನು ಮೌಸ್‌ನಲ್ಲಿ ಎಳೆದು ಎಳೆದು ಸಾಕಾಯಿತು. ಒಂದನ್ನು ಸರಿ ಮಾಡಿದರೆ ಪಕ್ಕದ್ದು ಜರುಗುತ್ತದೆ.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಹೋದ ವಾರ ಹೊಸನಗರ ಕಡೆಯ ಒಬ್ಬ ಹಿರಿಯರು ಪಟ್ಟಿ ಹಿಡಿದುಕೊಂಡು ವಾಪಸ್ ಬಂದರು. ಅವರ ಮಾಲು 4 ಚೀಲ, 2.60 ಕ್ವಿಂಟಲ್. ಪಟ್ಟಿಯಲ್ಲಿ ಚೀಲದ 4 ಮತ್ತು ತೂಕದ 2.60 ಎರಡೂ ಅಂಟಿಕೊಂಡು 42.60 ಅಂತ ಅಚ್ಚಾಗಿತ್ತು. ಮೊತ್ತ ಸರಿಯೇ ಇತ್ತು. ಆದರೆ ಅವರು ಮನೆಯಲ್ಲಿ ಕೂತು ತೂಕಕ್ಕೆ ದರ ಗುಣಿಸಿ ನೋಡಿದ್ದಾರೆ. ನಾನು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದೆ, ಒಪ್ಪಿದರು. ಆದರೆ ಬಸ್ಸು ಹತ್ತಿ ಅಷ್ಟು ದೂರ ಬಂದದ್ದು ನನ್ನ ಕಾಲಂ ತಪ್ಪಿದ್ದಕ್ಕೆ. ಅದು ನನಗೆ ತುಂಬಾ ಬೇಜಾರಾಯಿತು.

ಕೊಯ್ಲು ಶುರುವಾಗಿ ಮಾಲು ಬರುವ ಮೊದಲು ಸರಿ ಮಾಡಲೇಬೇಕು. ದಯವಿಟ್ಟು ಹೇಳಿಕೊಡಿ.

ದುರ್ಗಿಗುಡಿ_ಡೆಸ್ಕ್ (ಶಿವಮೊಗ್ಗ)

ಅಕ್ಕ, ಚೆನ್ನಾಗಿ ವಿವರಿಸಿದ್ದೀರಿ. ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಒಂದರ ಮೇಲೊಂದು ಬಂದಿರೋದರಿಂದ ಗೋಜಲಾಗಿ ಕಾಣುತ್ತಿದೆ.

ಮೊದಲು 42.60 ವಿಷಯ. ತೂಕದ ಟೆಕ್ಸ್ಟ್ ಬಾಕ್ಸಿನ (ರಿಪೋರ್ಟಿನಲ್ಲಿ ಅಂಕಿ, ಅಕ್ಷರ ಬರುವ ಚೌಕ) ಪ್ರಾಪರ್ಟಿ ಶೀಟ್, ಅಂದರೆ ಅದರ ಗುಣಗಳ ಪಟ್ಟಿ, ತೆರೆಯಿರಿ. ಎಫ್4 ಒತ್ತಿದರೆ ಬರುತ್ತದೆ. ಅದರಲ್ಲಿ 'ಟೆಕ್ಸ್ಟ್ ಅಲೈನ್' ಏನಿದೆ ನೋಡಿ. 'ಜನರಲ್' ಅಂತ ಇದ್ದರೆ ಆಕ್ಸೆಸ್ ತಾನೇ ತೀರ್ಮಾನ ಮಾಡುತ್ತದೆ: ಸಂಖ್ಯೆಯಾದರೆ ಬಲಕ್ಕೆ, ಅಕ್ಷರವಾದರೆ ಎಡಕ್ಕೆ. ಈಗ ನನ್ನ ಪ್ರಶ್ನೆ. ಇತ್ತೀಚೆಗೆ ತೂಕದ ಕಂಟ್ರೋಲ್ ಸೋರ್ಸ್‌ನಲ್ಲಿ (ಬಾಕ್ಸಿಗೆ ಮಾಹಿತಿ ಎಲ್ಲಿಂದ ಬರಬೇಕು ಅಂತ ಬರೆಯುವ ಜಾಗ) 'ಫಾರ್ಮ್ಯಾಟ್' ಫಂಕ್ಷನ್ ಏನಾದರೂ ಹಾಕಿದ್ರಾ?

ಮಂಡಿ_ಲೆಕ್ಕ

ಹೌದು! ಹೊಸ ಕಂಪ್ಯೂಟರ್‌ನಲ್ಲಿ 2.60 ಬದಲು 2.6 ಅಂತ ಬರುತ್ತಿತ್ತು. ಎರಡು ದಶಾಂಶ ಬರಲಿ ಅಂತ ಫಾರ್ಮ್ಯಾಟ್ ಫಂಕ್ಷನ್ ಹಾಕಿದೆ. ಟೆಕ್ಸ್ಟ್ ಅಲೈನ್ ಜನರಲ್ ಅಂತಲೇ ಇದೆ.

ದುರ್ಗಿಗುಡಿ_ಡೆಸ್ಕ್

ಅಲ್ಲೇ ಸಿಕ್ಕಿತು. ಆ ಫಂಕ್ಷನ್ ಕೊಡುವ ಉತ್ತರ ಸಂಖ್ಯೆ ಅಲ್ಲ, ಅಕ್ಷರ. ಹಾಗಾಗಿ ತೂಕ ಎಡ ಅಂಚಿಗೆ ಹೋಯಿತು. ಚೀಲದ ಸಂಖ್ಯೆ ಬಲ ಅಂಚಿನಲ್ಲಿ ಇತ್ತು. ಎರಡೂ ಗಡಿಯಲ್ಲಿ ಬಂದು ಕೂಡಿಕೊಂಡವು. ಫಂಕ್ಷನ್ ತೆಗೆದುಬಿಡಿ. ಕಂಟ್ರೋಲ್ ಸೋರ್ಸ್‌ನಲ್ಲಿ ಫೀಲ್ಡಿನ ಹೆಸರು ಮಾತ್ರ ಇರಲಿ. 'ಫಾರ್ಮ್ಯಾಟ್' ಅನ್ನೋ ಪ್ರಾಪರ್ಟಿಯಲ್ಲಿ 'ಫಿಕ್ಸೆಡ್', 'ಡೆಸಿಮಲ್ ಪ್ಲೇಸಸ್' 2 ಅಂತ ಕೊಡಿ. ಟೆಕ್ಸ್ಟ್ ಅಲೈನ್ ಅನ್ನು ನೀವೇ 'ರೈಟ್' ಮಾಡಿ, ಜನರಲ್ ಬಿಡಬೇಡಿ. 'ರೈಟ್ ಮಾರ್ಜಿನ್' 0.2 ಸೆಂಟಿಮೀಟರ್ ಕೊಟ್ಟರೆ ಅಂಕಿ ಗೆರೆಗೆ ತಾಗುವುದಿಲ್ಲ.

ಇನ್ನೊಂದು ಮಾತು. ಕಾಲಂ ಹೆಸರಿನ ಲೇಬಲ್‌ಗೂ ಅದೇ ಜೋಡಣೆ ಕೊಡಿ. 'ತೂಕ' ಅನ್ನೋದು ನಡುವೆ, ಅಂಕಿ ಬಲಕ್ಕೆ ಇದ್ದರೆ ಓದುವವರ ಕಣ್ಣು ಪಕ್ಕದ ಕಾಲಂಗೆ ಜಾರುತ್ತದೆ. ಸಂಜೆ ಬೆಳಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಟ್ಟಿ ಓದುವವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೆಳದಿ_ಮೇಷ್ಟ್ರು (ಸಾಗರ)

ಒತ್ತಕ್ಷರದ ವಿಷಯ ನಾನು ಹೇಳುತ್ತೇನೆ. ಶಾಲೆಯ ವರ್ಗಾವಣೆ ಪತ್ರದ ರಿಪೋರ್ಟ್ ಮಾಡುವಾಗ ಇದೇ ಅನುಭವಿಸಿದ್ದೆ.

ನಿಮ್ಮ ಹಳೆಯ ಕಂಪ್ಯೂಟರ್‌ನಲ್ಲಿ ಫಾಂಟ್ 'ತುಂಗಾ' ಇತ್ತು ಅಂತ ನನ್ನ ಊಹೆ. ವಿಂಡೋಸ್ ಎಕ್ಸ್‌ಪಿ, 7 ಕಾಲದಲ್ಲಿ ಕನ್ನಡಕ್ಕೆ ಅದೇ ಬರುತ್ತಿತ್ತು. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ. ಕನ್ನಡದ ಹೆಚ್ಚುವರಿ ಫಾಂಟುಗಳು ಅಂತ ಬೇರೆ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ಅದರ ಜಾಗಕ್ಕೆ 'ನಿರ್ಮಲಾ ಯುಐ' ಬಂದು ಕೂರುತ್ತದೆ. ಎರಡರ ಅಳತೆ ಬೇರೆ ಬೇರೆ. ಹಳೆಯ ಅಳತೆಗೆ ಹೊಲಿದ ಅಂಗಿಯನ್ನು ಬೇರೆಯವರಿಗೆ ತೊಡಿಸಿದ ಹಾಗೆ ಆಗಿದೆ.

ಎರಡು ದಾರಿ ಇದೆ. ಸೆಟ್ಟಿಂಗ್ಸ್‌ನ ಐಚ್ಛಿಕ ವೈಶಿಷ್ಟ್ಯಗಳಲ್ಲಿ ಕನ್ನಡ ಫಾಂಟ್ ಸೇರಿಸಿಕೊಂಡು ತುಂಗಾ ವಾಪಸ್ ತರಬಹುದು. ಅಥವಾ ನಿರ್ಮಲಾಕ್ಕೇ ಬದಲಾಗಿ, ಬಾಕ್ಸಿನ ಎತ್ತರ ಹೆಚ್ಚಿಸಬಹುದು. ನನ್ನ ಮಾತು ಕೇಳಿದರೆ ಎರಡನೆಯದನ್ನೇ ಮಾಡಿ. ನಾಳೆ ಮತ್ತೊಂದು ಕಂಪ್ಯೂಟರ್ ಬಂದಾಗ ಇದೇ ಗೋಳು ಬೇಡ.

ಎತ್ತರ ಎಷ್ಟು ಅಂತ ಹೇಗೆ ತಿಳಿಯೋದು? ಇಂಗ್ಲಿಷ್ ಅಕ್ಷರ ನೋಡಿ ಅಳೆಯಬೇಡಿ. 'ಅಡಿಕೆ' ನೋಡಿಯೂ ಅಳೆಯಬೇಡಿ, ಅದರಲ್ಲಿ ಕೆಳಗೆ ಏನೂ ಇಳಿಯುವುದಿಲ್ಲ. 'ರಾಷ್ಟ್ರ', 'ಲಕ್ಷ್ಮೀ', 'ವೈಶಿಷ್ಟ್ಯ' ಅಂತ ಬರೆದು ನೋಡಿ. ಒತ್ತಿನ ಮೇಲೆ ಒತ್ತು ಬರುವ ಪದಗಳು ಇವು. ಇವು ಪೂರ್ತಿ ಕಂಡರೆ ಉಳಿದ ಎಲ್ಲವೂ ಕಾಣುತ್ತವೆ. ನಾನು 11 ಪಾಯಿಂಟ್ ಅಕ್ಷರಕ್ಕೆ 0.7 ಸೆಂಟಿಮೀಟರ್ ಎತ್ತರ ಇಟ್ಟಿದ್ದೇನೆ. ನಿಮ್ಮ ಪ್ರಿಂಟರ್‌ನಲ್ಲಿ ಒಂದು ಪುಟ ತೆಗೆದು ನೋಡಿಯೇ ನಿರ್ಧರಿಸಿ. ಪರದೆಯ ಮೇಲೆ ಕಂಡದ್ದು ಕಾಗದದ ಮೇಲೆ ಹಾಗೇ ಬರುತ್ತದೆ ಅಂತ ನಂಬಬೇಡಿ.

ಟೆಕ್ಸ್ಟ್ ಬಾಕ್ಸಿನ ಒಳಗೆ ಅಕ್ಷರವನ್ನು ಮೇಲೆ ಕೆಳಗೆ ಸರಿಯಾಗಿ ನಡುವೆ ಕೂರಿಸುವ ಪ್ರಾಪರ್ಟಿ ಆಕ್ಸೆಸ್‌ನಲ್ಲಿ ಇಲ್ಲ. 'ಟಾಪ್ ಮಾರ್ಜಿನ್' ಕೊಟ್ಟು ಸ್ವಲ್ಪ ಕೆಳಗೆ ಇಳಿಸಬಹುದು, ಅಷ್ಟೇ. ಕನ್ನಡ ಹೆಸರಿನ ಪಕ್ಕ ಅಂಕಿ ಬರುವ ಸಾಲಿನಲ್ಲಿ ಇದು ಬೇಕಾಗುತ್ತದೆ. ಎರಡಕ್ಕೂ ಫಾಂಟ್ ಬೇರೆ ಇದ್ದರೆ ಅಂಕಿ ಮೇಲೆ ತೇಲಿದ ಹಾಗೆ ಕಾಣುತ್ತದೆ. ಒಂದೇ ಫಾಂಟ್ ಇಡುವುದು ಒಳ್ಳೆಯದು.

ದುರ್ಗಿಗುಡಿ_ಡೆಸ್ಕ್

ಮೇಷ್ಟ್ರು ಹೇಳಿದ್ದು ಸರಿ. ನಾನು ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕ, ನೀವು ಮೌಸ್‌ನಲ್ಲಿ ಎಳೆದು ಎಳೆದು ಸಾಕಾಯಿತು ಅಂದ್ರಲ್ಲ. ಎಳೆಯೋದನ್ನೇ ಬಿಡಿ. ಪ್ರತಿ ಕಂಟ್ರೋಲಿಗೂ (ಬಾಕ್ಸ್, ಲೇಬಲ್, ಗೆರೆ ಎಲ್ಲಕ್ಕೂ ಇದೇ ಹೆಸರು) ನಾಲ್ಕು ಅಂಕಿ ಇವೆ: ಲೆಫ್ಟ್, ಟಾಪ್, ವಿಡ್ತ್, ಹೈಟ್. ಆ ನಾಲ್ಕನ್ನು ಬರೆದರೆ ಮುಗಿಯಿತು. ಕಣ್ಣಳತೆಗೆ ಒಂದು ಕೂದಲಿನಷ್ಟು ವ್ಯತ್ಯಾಸ ಕಾಣಿಸುವುದಿಲ್ಲ, ಅಚ್ಚಿನಲ್ಲಿ ಕಾಣುತ್ತದೆ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎಡಕ್ಕೆ 1.5, ಬಲಕ್ಕೆ 1.5 ಅಂಚು ಬಿಟ್ಟರೆ ನಿಮಗೆ ಸಿಗೋದು 18. ಈ 18ನ್ನು ಹಂಚಿ. ಕ್ರಮ ಸಂಖ್ಯೆ 0ಯಲ್ಲಿ ಶುರುವಾಗಿ 1 ಅಗಲ. ಮಾಲಿನ ನಮೂನೆ (ರಾಶಿ, ಬೆಟ್ಟೆ, ಗೊರಬಲು, ಸರಕು) 1ರಿಂದ, ಅಗಲ 4. ಚೀಲ 5ರಿಂದ, ಅಗಲ 2. ತೂಕ 7ರಿಂದ, ಅಗಲ 3. ದರ 10ರಿಂದ, ಅಗಲ 3.5. ಮೊತ್ತ 13.5ರಿಂದ, ಅಗಲ 4.5. ಕೂಡಿಸಿ ನೋಡಿ, ಸರಿಯಾಗಿ 18ಕ್ಕೆ ನಿಲ್ಲುತ್ತದೆ. ಪೇಜ್ ಹೆಡರ್‌ನಲ್ಲಿರುವ (ಪುಟದ ತಲೆಭಾಗ) ಲೇಬಲ್, ಡೀಟೇಲ್‌ನಲ್ಲಿರುವ (ಒಂದೊಂದು ಸಾಲೂ ಬರುವ ಭಾಗ) ಟೆಕ್ಸ್ಟ್ ಬಾಕ್ಸ್, ಫುಟರ್‌ನಲ್ಲಿರುವ (ಕೆಳಭಾಗ) ಒಟ್ಟು, ಮೂರಕ್ಕೂ ಅದೇ ಲೆಫ್ಟ್, ಅದೇ ವಿಡ್ತ್.

ಒಂದೊಂದಕ್ಕೇ ಬರೆಯಬೇಕಾಗಿಲ್ಲ. ಡಿಸೈನ್ ವ್ಯೂನಲ್ಲಿ ಮೇಲಿನ ಅಳತೆಪಟ್ಟಿಯ ಮೇಲೆ ಕ್ಲಿಕ್ ಮಾಡಿದರೆ ಆ ನೇರಕ್ಕೆ ಕೆಳಗಿನವರೆಗೆ ಇರುವ ಎಲ್ಲ ಕಂಟ್ರೋಲ್‌ಗಳೂ ಆಯ್ಕೆಯಾಗುತ್ತವೆ. ಎಡ ಪಕ್ಕದ ಅಳತೆಪಟ್ಟಿಯಲ್ಲಿ ಮಾಡಿದರೆ ಅಡ್ಡ ಸಾಲು ಆಯ್ಕೆಯಾಗುತ್ತದೆ. ಆಮೇಲೆ ಪ್ರಾಪರ್ಟಿ ಶೀಟ್‌ನಲ್ಲಿ ಲೆಫ್ಟ್ ಒಂದೇ ಸಲ ಬರೆಯಿರಿ, ಎಲ್ಲಕ್ಕೂ ಹೋಗುತ್ತದೆ.

ಆಕ್ಸೆಸ್ ಒಳಗೊಳಗೆ ಅಳೆಯೋದು 'ಟ್ವಿಪ್' ಎಂಬ ಅಳತೆಯಲ್ಲಿ. ಇಂಚಿಗೆ 1440, ಸೆಂಟಿಮೀಟರಿಗೆ ಸುಮಾರು 567. ಹಾಗಾಗಿ 13.5 ಅಂತ ಬರೆದದ್ದು ಎಂಟರ್ ಒತ್ತಿದ ಮೇಲೆ 13.501 ಥರ ಕಂಡರೆ ಗಾಬರಿ ಬೇಡ.

ಮಂಡಿ_ಲೆಕ್ಕ

ಇದು ನನಗೆ ಗೊತ್ತೇ ಇರಲಿಲ್ಲ. ನಾನು 'ಅಲೈನ್ ಲೆಫ್ಟ್' ಒತ್ತುತ್ತಿದ್ದೆ. ಆದರೆ ಎಲ್ಲವೂ ಎಲ್ಲೆಲ್ಲಿಗೋ ಹೋಗುತ್ತಿದ್ದವು.

ಕೆಳದಿ_ಮೇಷ್ಟ್ರು

ಅದಕ್ಕೂ ಕಾರಣ ಇದೆ. ಅಲೈನ್ ಲೆಫ್ಟ್ ಅಂದರೆ ಆಯ್ಕೆ ಮಾಡಿದವುಗಳಲ್ಲಿ ಎಲ್ಲಕ್ಕಿಂತ ಎಡಕ್ಕೆ ಯಾವುದಿದೆಯೋ ಅದಕ್ಕೆ ಉಳಿದವು ಹೊಂದಿಕೊಳ್ಳುತ್ತವೆ. ನೀವು ಮೊದಲು ಮುಟ್ಟಿದ್ದಕ್ಕೆ ಅಲ್ಲ. ಟೆಕ್ಸ್ಟ್ ಬಾಕ್ಸ್‌ಗಳ ಜೊತೆ ಅವುಗಳ ಲೇಬಲ್ ಒಂದೂ ಆಯ್ಕೆಯಲ್ಲಿ ಸೇರಿಕೊಂಡಿದ್ದರೆ ಆ ಲೇಬಲ್ಲೇ ಎಲ್ಲಕ್ಕಿಂತ ಎಡಕ್ಕೆ ಇರುತ್ತದೆ, ಅಲ್ವಾ? ಎಲ್ಲ ಬಾಕ್ಸ್‌ಗಳೂ ಅದರ ಕಡೆಗೆ ಓಡುತ್ತವೆ. ಒಂದರ ಮೇಲೊಂದು ಬೀಳುವ ಹಾಗಿದ್ದರೆ ಆಕ್ಸೆಸ್ ಅವುಗಳನ್ನು ಪಕ್ಕಪಕ್ಕಕ್ಕೆ ಅಂಚು ತಾಗಿಸಿ ನಿಲ್ಲಿಸುತ್ತದೆ. ನಿಮಗೆ ಎಲ್ಲೆಲ್ಲಿಗೋ ಹೋದ ಹಾಗೆ ಕಂಡದ್ದು ಇದಕ್ಕೇ.

ಆದ್ದರಿಂದ ಮೊದಲು ಲೇಬಲ್‌ಗಳನ್ನಷ್ಟೇ ಆಯ್ಕೆ ಮಾಡಿ ಜೋಡಿಸಿ, ಆಮೇಲೆ ಬಾಕ್ಸ್‌ಗಳನ್ನು. ಎರಡನ್ನು ಬೆರೆಸಬೇಡಿ. ಲೇಬಲ್ ಅನ್ನು ಬಾಕ್ಸಿನಿಂದ ಬೇರೆಯಾಗಿ ಜರುಗಿಸಬೇಕಾದರೆ ಅದರ ಎಡ ಮೇಲ್ಮೂಲೆಯ ದೊಡ್ಡ ಚೌಕ ಹಿಡಿದು ಎಳೆಯಿರಿ.

ಅದೇ ಅರೇಂಜ್ ಟ್ಯಾಬ್‌ನಲ್ಲಿ 'ಸೈಜ್/ಸ್ಪೇಸ್' ಇದೆ. ಅದರಲ್ಲಿ 'ಟು ಟಾಲೆಸ್ಟ್' ಒತ್ತಿದರೆ ಎಲ್ಲವೂ ಅತಿ ಎತ್ತರದ್ದಕ್ಕೆ ಸಮ ಆಗುತ್ತವೆ. ಕನ್ನಡ ಬಾಕ್ಸ್ ಒಂದಕ್ಕೆ ಸರಿಯಾದ ಎತ್ತರ ಕೊಟ್ಟು ಉಳಿದವನ್ನು ಅದಕ್ಕೆ ಸಮ ಮಾಡಿಕೊಳ್ಳಬಹುದು. 'ಈಕ್ವಲ್ ವರ್ಟಿಕಲ್' ಒತ್ತಿದರೆ ನಡುವಿನ ಅಂತರಗಳು ಸಮ ಆಗುತ್ತವೆ. ಒಂದೇ ಒಂದು ಗೆರೆಯಷ್ಟು ಜರುಗಿಸಬೇಕಾದರೆ ಕಂಟ್ರೋಲ್ ಕೀ ಹಿಡಿದು ಬಾಣದ ಕೀ ಒತ್ತಿ. ಶಿಫ್ಟ್ ಜೊತೆ ಬಾಣ ಒತ್ತಿದರೆ ಅಳತೆ ಬದಲಾಗುತ್ತದೆ.

ಆಗುಂಬೆ_ಮಳೆ (ತೀರ್ಥಹಳ್ಳಿ ತಾಲ್ಲೂಕು)

ನಾವು ಆಕ್ಸೆಸ್ ಬದಲು ಲಿಬ್ರೆ ಆಫೀಸ್ ಬೇಸ್ ಎಂಬ ಉಚಿತ ಡೇಟಾಬೇಸ್ ತಂತ್ರಾಂಶ ಬಳಸುತ್ತೇವೆ. ಅಲ್ಲಿಯೂ ಇದೇ ಪಾಠ. ವಿಝಾರ್ಡ್ ಮಾಡಿಕೊಟ್ಟ ಫಾರ್ಮಿನಲ್ಲಿ ಲೇಬಲ್ ಮತ್ತು ಬಾಕ್ಸ್ ಒಂದು ಗುಂಪಾಗಿ ಕಟ್ಟಿರುತ್ತವೆ. ಒಂದನ್ನೇ ಹಿಡಿಯಬೇಕಾದರೆ ಕಂಟ್ರೋಲ್ ಕೀ ಒತ್ತಿ ಕ್ಲಿಕ್ ಮಾಡಬೇಕು. ಆಮೇಲೆ ಬಲ ಕ್ಲಿಕ್ ಮಾಡಿ 'ಪೊಸಿಷನ್ ಅಂಡ್ ಸೈಜ್'ನಲ್ಲಿ ಅಂಕಿ ಬರೆಯಬಹುದು. ಅಕ್ಕನ ಪ್ರಶ್ನೆಗೆ ಇದು ನೇರ ಉತ್ತರ ಅಲ್ಲ, ಬೇಸ್ ಬಳಸುವವರು ಓದುತ್ತಿದ್ದರೆ ಅಂತ ಹೇಳಿದೆ.

ತುಂಗಾ_ತೀರ (ತೀರ್ಥಹಳ್ಳಿ)

ಖಾಲಿ ಪುಟದ ವಿಷಯ ಯಾರೂ ಮುಟ್ಟಲಿಲ್ಲ. ರಿಪೋರ್ಟಿನ ಅಗಲ ನೋಡಿ. ಬಲ ಅಂಚನ್ನು ತಿಳಿಯದೆ ಸ್ವಲ್ಪ ಎಳೆದು 18.2 ಆಗಿದ್ದರೂ ಸಾಕು. ಎರಡು ಕಡೆಯ ಅಂಚು 3 ಸೇರಿದರೆ 21.2 ಆಯಿತು, ಹಾಳೆ ಇರೋದು 21. ಹೊರಗೆ ಹೋದ ಆ 2 ಮಿಲಿಮೀಟರ್‌ಗೆ ಆಕ್ಸೆಸ್ ಬೇರೆ ಪುಟ ಕೊಡುತ್ತದೆ. ಅಲ್ಲಿ ಏನೂ ಇಲ್ಲದಿದ್ದರೂ ಕೊಡುತ್ತದೆ. ವಿಡ್ತ್ 18 ಅಂತ ಬರೆದು ನೋಡಿ. ಅದು ತಾನೇ 18.2ಕ್ಕೆ ವಾಪಸ್ ಬಂದರೆ ಯಾವುದೋ ಕಂಟ್ರೋಲ್ ಅಥವಾ ಗೆರೆ ಅಲ್ಲಿಯವರೆಗೆ ಚಾಚಿಕೊಂಡಿದೆ ಅಂತ ಅರ್ಥ. ಹೆಚ್ಚಾಗಿ ಅಡ್ಡ ಗೆರೆಯೇ ಇರುತ್ತದೆ.

ಒಂದು ಪ್ರಶ್ನೆ: ನಿಮ್ಮ ಪಟ್ಟಿ ಬಿಳಿ ಹಾಳೆಯ ಮೇಲೋ, ಮೊದಲೇ ಅಚ್ಚು ಹಾಕಿಸಿದ ಫಾರಂ ಮೇಲೋ?

ಮಂಡಿ_ಲೆಕ್ಕ

ಪಟ್ಟಿ ಎ4 ಬಿಳಿ ಹಾಳೆ. ತೂಕದ ಚೀಟಿ ಮಾತ್ರ ಅಚ್ಚು ಹಾಕಿಸಿದ ಫಾರಂ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಎರಡು ಪ್ರತಿ. ಅದರಲ್ಲಿ ಮೊದಲ ಚೀಟಿ ಸರಿ ಬರುತ್ತದೆ. ಹತ್ತನೆಯದಕ್ಕೆ ಬರುವಾಗ ಅಂಕಿಗಳು ಮುಂದಿನ ಮನೆಗೆ ಇಳಿದಿರುತ್ತವೆ. ಪ್ರತಿ ಸಲ ಕೈಯಲ್ಲಿ ಹಾಳೆ ತಿರುಗಿಸಿ ಸರಿ ಮಾಡುತ್ತೇನೆ.

ಖಾಲಿ ಪುಟ ಸರಿ ಆಯಿತು! ನೀವು ಹೇಳಿದ ಹಾಗೆ ಫುಟರ್‌ನ ಅಡ್ಡ ಗೆರೆಯೇ.

ತುಂಗಾ_ತೀರ

ಒಳ್ಳೆಯದಾಯಿತು. ಚೀಟಿಯ ವಿಷಯದಲ್ಲಿ ನಿಮ್ಮ ಕಂಟ್ರೋಲ್‌ಗಳ ತಪ್ಪು ಏನೂ ಇಲ್ಲ, ಅವನ್ನು ಮುಟ್ಟಲೇಬೇಡಿ. ಮೊದಲನೆಯದು ಸರಿ ಬಂದು ಆಮೇಲೆ ಜಾರುತ್ತಾ ಹೋದರೆ ಹಾಳೆಯ ಉದ್ದ ತಪ್ಪಿದೆ ಅಂತಲೇ ಲೆಕ್ಕ. ನಿಮ್ಮ ಚೀಟಿಯ ಉದ್ದ 6 ಇಂಚು ಇದ್ದು, ಕಂಪ್ಯೂಟರ್ 6.1 ಅಂದುಕೊಂಡಿದ್ದರೆ ಹತ್ತು ಚೀಟಿಗೆ ಒಂದು ಇಂಚು ಜಾರುತ್ತದೆ. ಸ್ಕೇಲ್ ಇಟ್ಟು ಒಂದು ಚೀಟಿ ಅಳೆಯಬೇಡಿ. ಹತ್ತು ಚೀಟಿ ಉದ್ದಕ್ಕೆ ಹರಡಿ, ತೂತಿನ ಸಾಲಿನ ಗುರುತಿನಿಂದ ಗುರುತಿಗೆ ಅಳೆದು ಹತ್ತರಿಂದ ಭಾಗಿಸಿ.

ಆಮೇಲೆ ವಿಂಡೋಸ್‌ನ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು ಆ ಅಳತೆಯ ಹೊಸ ಫಾರ್ಮ್ (ಇಲ್ಲಿ ಫಾರ್ಮ್ ಅಂದರೆ ಕಾಗದದ ಅಳತೆ) ಮಾಡಿ, ಹೆಸರು ಕೊಡಿ. ಆಕ್ಸೆಸ್ ರಿಪೋರ್ಟಿನ ಪೇಜ್ ಸೆಟಪ್‌ನಲ್ಲಿ ಡೀಫಾಲ್ಟ್ ಪ್ರಿಂಟರ್ ಬಿಟ್ಟು ಆ ಪ್ರಿಂಟರನ್ನೇ ನಿರ್ದಿಷ್ಟವಾಗಿ ಆರಿಸಿ, ಕಾಗದದ ಪಟ್ಟಿಯಲ್ಲಿ ಹೊಸ ಹೆಸರನ್ನು ಆರಿಸಿ. ಇಲ್ಲದಿದ್ದರೆ ನಿಮ್ಮ ಲೇಸರ್ ಪ್ರಿಂಟರ್‌ನ ಅಳತೆಯನ್ನೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಕೆಲಸ ನಮ್ಮಲ್ಲಿ ತುಂಬಾ ಉಪಯೋಗಕ್ಕೆ ಬಂದಿದೆ. ಹೊಸ ಕಾಗದದ ಕಟ್ಟು ಹಾಕಿದಾಗ ಅಚ್ಚು ಒಂದೆರಡು ಮಿಲಿಮೀಟರ್ ಆಚೆ ಈಚೆ ಇರುತ್ತದೆ. ಅದಕ್ಕಾಗಿ ಪ್ರತಿ ಸಲ ಡಿಸೈನ್ ತೆರೆದು ಇಪ್ಪತ್ತು ಬಾಕ್ಸ್ ಜರುಗಿಸುವುದು ಬೇಡ. ಒಂದು ಚಿಕ್ಕ ಟೇಬಲ್ ಮಾಡಿ. ಅದರಲ್ಲಿ ಎರಡೇ ಅಂಕಿ: ಮೇಲಿನ ಅಂಚು, ಎಡದ ಅಂಚು. ರಿಪೋರ್ಟಿನ ಓಪನ್ ಇವೆಂಟ್‌ನಲ್ಲಿ (ರಿಪೋರ್ಟ್ ತೆರೆಯುವಾಗ ನಡೆಯುವ ಕೋಡ್) ಆ ಎರಡನ್ನು ಓದಿ, ರಿಪೋರ್ಟಿನ ಪ್ರಿಂಟರ್ ಆಬ್ಜೆಕ್ಟಿನ ಟಾಪ್ ಮಾರ್ಜಿನ್, ಲೆಫ್ಟ್ ಮಾರ್ಜಿನ್‌ಗೆ ಕೊಡಿ. ಅಲ್ಲಿ ಅಳತೆ ಟ್ವಿಪ್‌ನಲ್ಲಿ ಇರಬೇಕು. 1 ಮಿಲಿಮೀಟರ್‌ಗೆ ಸುಮಾರು 57. ಇಡೀ ಚೀಟಿ ಒಟ್ಟಿಗೆ ಜರುಗುತ್ತದೆ, ಒಳಗಿನ ಜೋಡಣೆ ಕೆಡುವುದಿಲ್ಲ. ಈ ಎರಡು ಅಂಕಿ ಬದಲಿಸಲು ಒಂದು ಸಣ್ಣ ಫಾರ್ಮ್ ಇಟ್ಟರೆ ನೀವು ರಜೆಯಲ್ಲಿದ್ದರೂ ಬೇರೆಯವರು ಸರಿ ಮಾಡಬಹುದು.

ಮಂಡಿ_ಲೆಕ್ಕ

ಎರಡು ದಿನ ಕೂತು ಮಾಡಿದೆ. ಹತ್ತು ಚೀಟಿ ಅಳೆದೆ, 60 ಇಂಚು ಬಂತು. ಫಾರ್ಮ್ ಮಾಡಿ 6 ಇಂಚು ಕೊಟ್ಟೆ. ಇವತ್ತು 40 ಚೀಟಿ ಒಂದೇ ಸಲಕ್ಕೆ ತೆಗೆದೆ, ಕೊನೆಯದರಲ್ಲೂ ಅಂಕಿ ಮನೆಯೊಳಗೇ ಇದೆ. ತೂಗುವ ಹುಡುಗರೂ ಬಂದು ನೋಡಿ ಖುಷಿ ಪಟ್ಟರು.

ಪಟ್ಟಿಯಲ್ಲಿ ನಿರ್ಮಲಾ ಫಾಂಟ್ ಹಾಕಿ 0.75 ಎತ್ತರ ಕೊಟ್ಟೆ. ನನ್ನ ಪ್ರಿಂಟರ್‌ನಲ್ಲಿ 0.7ಕ್ಕೆ 'ರಾಷ್ಟ್ರ'ದ ಕೆಳತುದಿ ಸ್ವಲ್ಪ ತಾಗುತ್ತಿತ್ತು.

ಒಂದೇ ಒಂದು ಉಳಿದಿದೆ. ಊರಿನ ಹೆಸರು, ಅಂಚೆ, ತಾಲ್ಲೂಕು ಎಲ್ಲ ಸೇರಿ ಉದ್ದ ಆದಾಗ ಎರಡು ಸಾಲು ಆಗಲಿ ಅಂತ 'ಕ್ಯಾನ್ ಗ್ರೋ' ಯೆಸ್ ಮಾಡಿದೆ. ಆಗ ಆ ಬಾಕ್ಸ್ ಮಾತ್ರ ಉದ್ದ ಆಗುತ್ತದೆ. ಕಾಲಂಗಳ ನಡುವಿನ ನಿಂತ ಗೆರೆಗಳು ಮೊದಲ ಸಾಲಿಗೇ ನಿಂತುಬಿಡುತ್ತವೆ.

ದುರ್ಗಿಗುಡಿ_ಡೆಸ್ಕ್

ಗೆರೆ ಕಂಟ್ರೋಲ್‌ಗೆ ಬೆಳೆಯುವ ಗುಣ ಇಲ್ಲ ಅಕ್ಕ. ಡೀಟೇಲ್‌ನಲ್ಲಿ ಇಟ್ಟಿರುವ ನಿಂತ ಗೆರೆಗಳನ್ನೆಲ್ಲ ತೆಗೆದುಬಿಡಿ. ಡೀಟೇಲ್ ಭಾಗದ ಪ್ರಿಂಟ್ ಇವೆಂಟ್‌ನಲ್ಲಿ ವಿಬಿಎಯ (ಆಕ್ಸೆಸ್ ಒಳಗೆ ಕೋಡ್ ಬರೆಯುವ ಭಾಷೆ) 'ಲೈನ್' ಮೆಥಡ್ ಬಳಸಿ ಪ್ರತಿ ಕಾಲಂನ ಲೆಫ್ಟ್‌ನಲ್ಲಿ ಒಂದೊಂದು ಗೆರೆ ಎಳೆಯಿರಿ. ಮೇಲಿನ ತುದಿ 0, ಕೆಳಗಿನ ತುದಿ 31680. ಅದು ಟ್ವಿಪ್‌ನಲ್ಲಿ 22 ಇಂಚು, ಒಂದು ಸೆಕ್ಷನ್‌ಗೆ (ಡೀಟೇಲ್‌ನಂಥ ಭಾಗಕ್ಕೆ) ಕೊಡಬಹುದಾದ ಗರಿಷ್ಠ ಎತ್ತರ. ಗೆರೆ ಸೆಕ್ಷನ್ ಮುಗಿಯುವಲ್ಲಿಗೆ ತಾನೇ ಕತ್ತರಿಸಿಕೊಳ್ಳುತ್ತದೆ, ಹಾಗಾಗಿ ಒಂದು ಸಾಲಿಗೂ ಮೂರು ಸಾಲಿಗೂ ಸರಿಯಾಗಿ ಕೂರುತ್ತದೆ. ಗೆರೆಯ ಜಾಗಕ್ಕೆ ಅಂಕಿ ಬರೆಯುವ ಬದಲು ಆ ಬಾಕ್ಸಿನ ಲೆಫ್ಟ್ ಅನ್ನೇ ಕೊಡಿ. ನಾಳೆ ಕಾಲಂ ಜರುಗಿಸಿದರೆ ಗೆರೆಯೂ ಜೊತೆಗೆ ಹೋಗುತ್ತದೆ.

ಒಂದು ಎಚ್ಚರ: ರಿಪೋರ್ಟ್ ವ್ಯೂನಲ್ಲಿ ಈ ಗೆರೆ ಕಾಣುವುದಿಲ್ಲ, ಪ್ರಿಂಟ್ ಪ್ರಿವ್ಯೂನಲ್ಲಿ ನೋಡಬೇಕು.

ಪಟ್ಟಿಗೆ 'ಟ್ಯಾಬ್ಯುಲರ್' ಲೇಔಟ್ ಹಾಕುವುದೂ ಒಳ್ಳೆಯದೇ. ಆಕ್ಸೆಸ್ 2007ರಿಂದ ಅದು ಇದೆ. ಒಂದು ಕಾಲಂ ಅಗಲ ಮಾಡಿದರೆ ಪಕ್ಕದವು ತಾವೇ ಜರುಗುತ್ತವೆ, ಲೇಬಲ್ ಸಮೇತ.

ಕೆಳದಿ_ಮೇಷ್ಟ್ರು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಅಕ್ಕ ಈಗ 18 ಸೆಂಟಿಮೀಟರ್ ಲೆಕ್ಕ ಹಾಕಿ ಚೆನ್ನಾಗಿ ಜೋಡಿಸಿದ್ದಾರೆ. ಲೇಔಟ್ ಹಾಕಿದರೆ ಒಂದು ಕಾಲಂ ಹಿಗ್ಗಿಸಿದಾಗ ಉಳಿದವು ಬಲಕ್ಕೆ ತಳ್ಳಿಕೊಂಡು 18 ದಾಟುತ್ತವೆ, ಮತ್ತೆ ಖಾಲಿ ಪುಟ ಬರುತ್ತದೆ. ಹೊಸದಾಗಿ ರಿಪೋರ್ಟ್ ಮಾಡುವಾಗ ಲೇಔಟ್ ಒಳ್ಳೆಯದು. ಕೂತ ರಿಪೋರ್ಟಿಗೆ ಬೇಡ ಅನಿಸುತ್ತದೆ.

ದುರ್ಗಿಗುಡಿ_ಡೆಸ್ಕ್

ಮೇಷ್ಟ್ರೆ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಪಟ್ಟಿಯ ಕಾಲಂ ಇನ್ನು ಬದಲಾಗಲ್ಲ ಅಂದರೆ ಹಾಗೇ ಇರಲಿ. ಅಚ್ಚು ಫಾರಂಗಂತೂ ಲೇಔಟ್ ಹಾಕಲೇಬಾರದು, ಅಲ್ಲಿ ಮನೆಗಳ ಜಾಗ ಕಾಗದವೇ ನಿರ್ಧರಿಸಿರುತ್ತದೆ.

ಮಂಡಿ_ಲೆಕ್ಕ

ಹಾಗಾದರೆ ಪಟ್ಟಿಯನ್ನು ಈಗಿರುವ ಹಾಗೇ ಬಿಡುತ್ತೇನೆ. ಗೆರೆ ಬಂತು. ಮೂರು ಸಾಲಿನ ವಿಳಾಸಕ್ಕೂ ಕೆಳಗಿನವರೆಗೆ ಬಂತು. ಎಲ್ಲರಿಗೂ ಮನಸಾರೆ ಧನ್ಯವಾದ.

ಕೊನೆಗೊಂದು ಸಣ್ಣ ಪ್ರಶ್ನೆ. ಮಾಲು ಬಂದಾಗ ಪರದೆಯ ಮೇಲೆ ತುಂಬುವ ಫಾರ್ಮಿನಲ್ಲಿ ಚೀಲ ತುಂಬಿ ಟ್ಯಾಬ್ ಒತ್ತಿದರೆ ತೂಕಕ್ಕೆ ಹೋಗಬೇಕು. ಅದು ದರಕ್ಕೆ ಹೋಗುತ್ತದೆ. ಟ್ಯಾಬ್ ಆರ್ಡರ್‌ನಲ್ಲಿ 'ಆಟೋ ಆರ್ಡರ್' ಒತ್ತಿದರೂ ಹಾಗೇ. ಮೂರೂ ಒಂದೇ ಸಾಲಿನಲ್ಲಿ ಇವೆ.

ಕೆಳದಿ_ಮೇಷ್ಟ್ರು

ಒಂದೇ ಸಾಲಿನಲ್ಲಿ ಇರುವ ಹಾಗೆ ಕಾಣುತ್ತಿವೆ. ಮೂರರ ಟಾಪ್ ಅಂಕಿ ನೋಡಿ. ಆಟೋ ಆರ್ಡರ್ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಎಣಿಸುತ್ತದೆ. ದರದ ಬಾಕ್ಸ್ ತೂಕದ ಬಾಕ್ಸಿಗಿಂತ ಒಂದು ಎಳೆಯಷ್ಟು ಮೇಲಿದ್ದರೂ ಅದನ್ನೇ ಮೊದಲು ಎಣಿಸುತ್ತದೆ.

ಮಂಡಿ_ಲೆಕ್ಕ

ಚೀಲ 3.2, ದರ 3.2, ತೂಕ 3.228. ಮೂರಕ್ಕೂ 3.2 ಬರೆದು ಆಟೋ ಆರ್ಡರ್ ಒತ್ತಿದೆ. ಈಗ ಚೀಲ, ತೂಕ, ದರ ಅಂತ ಸರಿಯಾಗಿ ಹೋಗುತ್ತಿದೆ.

ಹೊಸನಗರದ ಆ ಹಿರಿಯರು ಮುಂದಿನ ಸಲ ಮಾಲು ತಂದಾಗ ಹಳೆಯ ಪಟ್ಟಿಗೂ ಹೊಸ ಪ್ರತಿ ತೆಗೆದು ಕೊಡುತ್ತೇನೆ. ತೆಗೆದು ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇನೆ.